ಕೊಡುವ ಕೈಗೆ ವಿವೇಕವೂ ಬೇಕು

ಮಾನ್ಯ ಸಂಪಾದಕರೇ,

ಗಾಜಾ, ಸುಡಾನ್‌ನ ಹಸಿದ ಮಕ್ಕಳಿಗಾಗಿ ಪ್ರಾರ್ಥಿಸುವವರು ನಮ್ಮಲ್ಲಿ ಬಹಳ ಮಂದಿ. ಪ್ರಾರ್ಥನೆ ಕೈಗೂ ಇಳಿಯಬೇಕು. ನೆರವೆಂದರೆ ಹಳೆ ಬಟ್ಟೆಯ ಮೂಟೆಯಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಿನಂಥ ಮಳೆಯಲ್ಲಿ ಬಟ್ಟೆ ಒಣಗದೆ ಬೂಷ್ಟು ಹಿಡಿಯುತ್ತದೆ, ವಿಂಗಡಿಸುವುದರಲ್ಲೇ ಸ್ವಯಂಸೇವಕರ ದಿನ ಕಳೆಯುತ್ತದೆ. ದೂರದ ದೇಶಕ್ಕಂತೂ ಯುನಿಸೆಫ್‌ನಂಥ ಸಂಸ್ಥೆಗೆ ಹಣ ಕೊಡುವುದೇ ಸರಿ.

ನಿರಾಶ್ರಿತರ ಶಿಬಿರಗಳಲ್ಲಿ ಮಕ್ಕಳ ಜೀವ ತೆಗೆಯುವ ಮುಖ್ಯ ಕಾಯಿಲೆಗಳಲ್ಲಿ ಭೇದಿಯೂ ಒಂದು. ಭೇದಿಯಲ್ಲಿ ಕಳೆದುಹೋದ ನೀರು, ಲವಣ ತುಂಬಲು ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪುಡಿಯ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿಯೇ ಜೋರಾಗುತ್ತದೆ. 24 ಗಂಟೆ ಕಳೆದರೆ ಚೆಲ್ಲಿ, ಹೊಸದು ಮಾಡಿ.

ಮುಂಗಾರಿಗೆ ಮೊದಲೇ ನಮ್ಮ ದೇವಸ್ಥಾನ, ಮಸೀದಿ, ಚರ್ಚುಗಳು ಇದನ್ನು ಹೇಳಿಕೊಡಲಿ, ಪೊಟ್ಟಣಗಳನ್ನೂ ಇಟ್ಟುಕೊಳ್ಳಲಿ.

– ಓದುಗರು, ಮಡಿಕೇರಿ