ಅಜ್ಜಿಯ ಜನೇಲು ಲಿಸ್ಬನ್ನಿನಲ್ಲಿ ಸಿಕ್ಕಿತು

ಲಿಸ್ಬನ್
ನವೆಂಬರ್ 16, ಭಾನುವಾರ

ಪ್ರೀತಿಯ ಅಮ್ಮ, ಅಪ್ಪ, ಅಜ್ಜಿ ಮತ್ತು ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಜ್ವರ ಬಿಟ್ಟು ನಾಲ್ಕು ದಿನ ಆಯ್ತು. ಅಮ್ಮ ಗಾಬರಿಯಾಗುತ್ತಾಳೆ ಅಂತ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಹೇಳಬಹುದು. ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಎರಡನೇ ದಿನ ಸಂಜೆ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿ, ಬಟ್ಟೆ ಸುತ್ತಿದ ಒಂದು ಪಾತ್ರೆ ಕೈಗಿಟ್ಟು "ಕಾಂಝ" ಅಂದರು. ಮುಚ್ಚಳ ತೆಗೆದೆ. ಮೆತ್ತಗೆ ಬೆಂದ ಅಕ್ಕಿ, ತೆಳ್ಳನೆಯ ತಿಳಿ, ಅದರ ಮೇಲೆ ಕೋಳಿಯ ಜಿಡ್ಡಿನ ಹೊಂಬಣ್ಣದ ಸಣ್ಣ ಸಣ್ಣ ಚುಕ್ಕೆ, ಎಳೆ ಎಳೆಯಾಗಿ ಬಿಡಿಸಿದ ಮಾಂಸ, ಎರಡು ಪುದೀನ ಎಲೆ. ಅಮ್ಮ, ಅದು ಗಂಜಿ! ಕೋಳಿ ಹಾಕಿದ್ದಾರೆ ಅನ್ನುವುದು ಬಿಟ್ಟರೆ ಹೆಸರೂ ಗಂಜಿ, ಗುಣವೂ ಗಂಜಿ.

ಈ ಪೋರ್ಚುಗಲ್ ದೇಶದಲ್ಲಿ ಯಾರಿಗೆ ಹುಷಾರು ತಪ್ಪಿದರೂ ಇದನ್ನೇ ಮಾಡಿಕೊಡುತ್ತಾರೆ. ಸುಲಭದ ಕೆಲಸಕ್ಕೆ "ಅದೇನು, ಕಾಂಝ" ಅನ್ನುವ ಮಾತೂ ಇದೆ, ನಾವು ನೀರು ಕುಡಿದಷ್ಟು ಸುಲಭ ಅಂದ ಹಾಗೆ. ಆ ಪದ ಹೋದದ್ದು ನಮ್ಮ ಕಡಲ ದಂಡೆಯಿಂದ. ಗಾರ್ಸಿಯಾ ದ ಒರ್ತಾ ಅನ್ನುವ ಪೋರ್ಚುಗೀಸ್ ವೈದ್ಯರು 1534ರಲ್ಲಿ ಗೋವೆಗೆ ಬಂದು ಅಲ್ಲೇ ನೆಲೆಸಿದ್ದರು. ನಮ್ಮ ಕಡೆಯ ಗಿಡಮೂಲಿಕೆ, ಔಷಧಿಗಳ ಬಗ್ಗೆ ಅವರು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ವಾಂತಿಭೇದಿಯಾದವರಿಗೆ ಅಕ್ಕಿಯ ತಿಳಿಗೆ ಮೆಣಸು, ಜೀರಿಗೆ ಹಾಕಿ ಕುಡಿಸುತ್ತಾರೆ, ಅದಕ್ಕೆ ಕಾಂಜೆ ಅನ್ನುತ್ತಾರೆ ಅಂತ ಅದರಲ್ಲಿದೆ. ಮೆಣಸು, ಜೀರಿಗೆ! ನೀನು ನನಗೆ ಚಿಕ್ಕಂದಿನಿಂದ ಮಾಡಿಕೊಟ್ಟದ್ದು ಅದೇ ಅಲ್ವಾ ಅಮ್ಮ? ಇಲ್ಲಿ ತೇಜು ಹೊಳೆಯ ದಂಡೆಯಲ್ಲಿ ಅವರ ಹೆಸರಿನ ತೋಟವೊಂದಿದೆ. ಹೋದ ತಿಂಗಳು ಅಲ್ಲಿ ಓಡಾಡುವಾಗ ಹೆಸರು ಓದಿ ಮುಂದೆ ಹೋಗಿದ್ದೆ. ಈಗ ಇನ್ನೊಮ್ಮೆ ಹೋಗಬೇಕು.

ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಾಗ ಆ ಅಜ್ಜಿ ಕೋಣೆಯೊಳಗೆ ಬಂದು, ಗಾಳಿ ಇಲ್ಲ ಅಂತ ಗೊಣಗುತ್ತಾ ನೆಟ್ಟಗೆ ಕಿಟಕಿ ಹತ್ತಿರ ಹೋದರು. ತೆಗೆಯುವಾಗ ಅವರು ಆಡಿದ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ: ಜನೆಲ. ನನಗೆ ಅಳು ಬಂತು. ಜ್ವರದ್ದೂ ಇರಬಹುದು.

ಅಜ್ಜಿ, ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಚೆನ್ನಾಗಿ ನೆನಪಿದೆ. ನಾಲ್ಕನೇ ಕ್ಲಾಸಿನಲ್ಲಿ ಮಳೆಗಾಲದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. "ಗಾಳಿ ಬಂತು, ಅಜ್ಜಿ ಜನೇಲು ಹಾಕಿದಳು" ಅಂತ ಬರೆದಿದ್ದೆ. ಟೀಚರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ "ಕಿಟಕಿ" ಅಂತ ಬರೆದು, ಇದು ಕನ್ನಡವೇ ಅಲ್ಲ ಅಂತ ಎಲ್ಲರೆದುರು ಹೇಳಿದರು. ನಾನು ಮನೆಗೆ ಬಂದವಳೇ ನಿನಗೆ ಹೇಳಿದೆ, ಜನೇಲು ಅನ್ನಬೇಡ, ಅದು ತಪ್ಪು ಅಂತ. ನೀನು ಏನೂ ಹೇಳಲಿಲ್ಲ. ಆಮೇಲೆ ನನ್ನೆದುರು ಆ ಶಬ್ದ ಆಡುವುದನ್ನೇ ಬಿಟ್ಟೆ. ಒಂಬತ್ತು ವರ್ಷದ ಮೊಮ್ಮಗಳ ಮಾತಿಗೆ ನಿನ್ನ ಬಾಯಿಂದ ಒಂದು ಪದ ಹೋಯಿತು.

ಜ್ವರ ಇಳಿದ ಮೇಲೆ ಕೂತು ಹುಡುಕಿದೆ. ಲ್ಯಾಟಿನ್ನಿನಲ್ಲಿ ಯಾನುಆ ಅಂದರೆ ಬಾಗಿಲು. ಅದರಿಂದ ಸಣ್ಣ ಬಾಗಿಲು ಅನ್ನುವ ಅರ್ಥದಲ್ಲಿ ಪೋರ್ಚುಗೀಸಿನ ಜನೆಲ ಹುಟ್ಟಿತು, ಅದೇ ನಮ್ಮಲ್ಲಿ ಜನೇಲು ಆಯಿತು. ಅದೇ ಬೇರಿನಿಂದ ಬಂದವನು ರೋಮನ್ನರ ಬಾಗಿಲ ದೇವರು ಯಾನುಸ್. ಅವನ ಹೆಸರಿನಿಂದ ವರ್ಷದ ಬಾಗಿಲು ತೆರೆಯುವ ಜನವರಿ. ಅಂದರೆ ನಿನ್ನ ಜನೇಲಿಗೂ ಗೋಡೆಯ ಕ್ಯಾಲೆಂಡರಿನ ಮೊದಲ ಹಾಳೆಗೂ ನೆಂಟಸ್ತಿಕೆ ಇದೆ. ಇನ್ನು ಟೀಚರು ಬರೆದ ಕಿಟಕಿ? ಅದೂ ಹೊರಗಿನಿಂದ ಬಂದದ್ದೇ, ಉತ್ತರದ ಖಿಡಕಿಯ ಕಡೆಯದು. ಸಂಸ್ಕೃತ ಕೋಶಗಳಲ್ಲಿ ಖಡಕ್ಕಿಕಾ ಅಂತ ಇದೆ, ಪಕ್ಕದ ಸಣ್ಣ ಬಾಗಿಲು ಅಂತ ಅರ್ಥ. ನೋಡಿ, ಒಂದು ಪಶ್ಚಿಮದಿಂದ ಹಡಗು ಹತ್ತಿ ಬಂತು, ಒಂದು ಉತ್ತರದಿಂದ ನಡೆದು ಬಂತು, ಎರಡರ ಹೊಟ್ಟೆಯಲ್ಲೂ ಇರುವುದು ಅದೇ ಸಣ್ಣ ಬಾಗಿಲು. ಅಚ್ಚಗನ್ನಡವೇ ಬೇಕು ಅಂದರೆ ಬೆಳಕಂಡಿ ಇದೆ, ಬೆಳಕಿಗೆ ಬಿಟ್ಟ ಕಂಡಿ. ಎಷ್ಟು ಚೆಂದದ ಪದ! ಟೀಚರು ಅದನ್ನಾದರೂ ಬರೆದಿದ್ದರೆ ಇವತ್ತು ಅವರಿಗೆ ಕೈ ಮುಗಿಯುತ್ತಿದ್ದೆ.

ಚಾವಿಯ ಕತೆ ಇನ್ನೂ ಒಳ್ಳೆಯದು. ಇಲ್ಲಿಯವರು ಕೀಲಿಕೈಗೆ "ಶಾವ್" ಅನ್ನುತ್ತಾರೆ. ಬಂದ ಹೊಸತರಲ್ಲಿ ಮನೆಯ ಯಜಮಾನರು ಶಾವ್, ಶಾವ್ ಅಂತ ಕೈ ಆಡಿಸಿದಾಗ ನನಗೆ ಏನೂ ಹೊಳೆಯಲಿಲ್ಲ. ನಾವು ಯಾಕೆ ಚಾವಿ ಅನ್ನುತ್ತೇವೆ? ನಾವು ತಪ್ಪಾಗಿ ಕೇಳಿಸಿಕೊಂಡದ್ದಲ್ಲ. ಹದಿನಾರನೇ ಶತಮಾನದಲ್ಲಿ ಅವರೂ ಅಲ್ಲಿ ಚಕಾರವನ್ನೇ ಉಚ್ಚರಿಸುತ್ತಿದ್ದರು. ಹಡಗಿನವರು ನಮ್ಮ ಬಂದರಿಗೆ ತಂದದ್ದು ಆ ಚಕಾರವನ್ನೇ. ಆಮೇಲೆ ಲಿಸ್ಬನ್ನಿನ ನಾಲಿಗೆ ಬದಲಾಗಿ ಶಕಾರವಾಯಿತು. ಈಗ ಆ ಹಳೆಯ ಉಚ್ಚಾರ ಉಳಿದಿರುವುದು ಈ ದೇಶದ ಉತ್ತರದ ಗುಡ್ಡಗಾಡಿನ ಕೆಲವು ಹಳ್ಳಿಗಳಲ್ಲಿ, ಮತ್ತೆ ಹೊನ್ನಾವರದ ನಮ್ಮ ಅಡಿಗೆಮನೆಯಲ್ಲಿ. ಸೊಂಟಕ್ಕೆ ಚಾವಿಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಅಜ್ಜಿ ನಾನೂರು ವರ್ಷ ಹಿಂದಿನ ಪೋರ್ಚುಗೀಸ್ ಉಚ್ಚಾರವನ್ನು ಸ್ವಲ್ಪವೂ ಮುಕ್ಕಾಗದಂತೆ ಕಾಪಾಡಿದ್ದಾಳೆ. ಇದನ್ನು ಕೆಳಮನೆಯ ಅಜ್ಜಿಗೆ ನನ್ನ ಹರಕು ಭಾಷೆಯಲ್ಲಿ ಹೇಳಿದೆ. ಅವರು ಮೂರು ಸಲ "ಚಾವಿ, ಚಾವಿ, ಚಾವಿ" ಅಂತ ಹೇಳಿ ನೋಡಿದರು.

ಅಪ್ಪನಿಗೆ ಎರಡು ಪದ. ಅಂಗಡಿಯಲ್ಲಿ ದುಡ್ಡು ಕೊಡುವ ಜಾಗದಲ್ಲಿ ನಿಂತರೆ ದಿನಕ್ಕೆ ಹತ್ತು ಸಲ "ಪಗಾರ್" ಅಂತ ಕೇಳುತ್ತದೆ. ಕೊಡುವುದು, ತೀರಿಸುವುದು ಅಂತ ಅರ್ಥ. ಮೂಲ ಲ್ಯಾಟಿನ್ನಿನಲ್ಲಿ ಅದು ಸಮಾಧಾನ ಮಾಡುವುದು, ಶಾಂತಿ ಅನ್ನುವ ಮಾತಿನಿಂದಲೇ ಹುಟ್ಟಿದ್ದು. ನಾವು ಪಗಾರ ಅನ್ನುವುದಕ್ಕೆ ಬೆಂಗಳೂರಿನವರು ಹೇಳುವ ಸಂಬಳ ಅನ್ನುವ ಪದವೂ ಕಡಿಮೆಯದಲ್ಲ. ಸಂಸ್ಕೃತದಲ್ಲಿ ಅದು ದಾರಿಯ ಬುತ್ತಿ. ಅಪ್ಪ ತಿಂಗಳ ಮೊದಲ ದಿನ ಪಗಾರ ತಂದು ದೇವರ ಮುಂದಿಟ್ಟು, ಅಂಗಡಿಯವನ ಲೆಕ್ಕ ತೀರಿಸಿ ಬಂದು, ಆಮೇಲೆ ನಿರುಮ್ಮಳವಾಗಿ ಕಾಲು ಚಾಚಿ ಕೂರುತ್ತಿದ್ದದ್ದು ನೆನಪಾಯಿತು.

ಇನ್ನೊಂದು ಲಿಲಾವು. ಅಪ್ಪನ ಜೊತೆ ಬೆಳಿಗ್ಗೆ ಬಂದರಿಗೆ ಹೋದಾಗ, ಬುಟ್ಟಿ ಮುಂದೆ ನಿಂತು ಬಂಗಡೆಯ ಬೆಲೆ ಕೂಗುತ್ತಿದ್ದರಲ್ಲ, ಆ ಲಿಲಾವು. ಪೋರ್ಚುಗೀಸಿನಲ್ಲಿ ಲೆಯ್ಲಾಂವ್. ಆದರೆ ಅವರದ್ದೂ ಸ್ವಂತದ್ದಲ್ಲ, ಅರಬ್ಬರಿಂದ ಪಡೆದದ್ದು, ಸಾರಿ ಹೇಳುವುದು ಅನ್ನುವ ಅರ್ಥದ ಮಾತು. ಬಯಲುಸೀಮೆಯವರು ಅನ್ನುವ ಏಲಂ ಕೂಡ ಇದರದ್ದೇ ಮರಿ. ತುರಂಗಕ್ಕೆ ಹಾಕಿದರು ಅಂತ ಹುಬ್ಬಳ್ಳಿ ಕಡೆಯ ಹಳಬರು ಜೈಲಿಗೆ ಹೇಳುತ್ತಾರಲ್ಲ, ಅದು ಕುದುರೆಯ ತುರಂಗ ಅಲ್ಲ. ಇಲ್ಲಿ ತ್ರೊಂಕು ಅಂದರೆ ಮರದ ಬೊಡ್ಡೆ. ಕೈದಿಯ ಕಾಲನ್ನು ಬೊಡ್ಡೆಯಲ್ಲಿ ಸಿಕ್ಕಿಸಿ ಇಡುತ್ತಿದ್ದ ಕಾಲದ ಮಾತು.

ಇದನ್ನೆಲ್ಲ ನಾನು ಕಂಡುಹಿಡಿದೆ ಅಂದುಕೊಳ್ಳಬೇಡಿ. ನೂರು ವರ್ಷಕ್ಕೂ ಹಿಂದೆ ಒಬ್ಬರು ಪಾದ್ರಿಗಳು ಈ ಕೆಲಸಕ್ಕೆ ಜೀವ ತೇದಿದ್ದಾರೆ. ಸೆಬಾಸ್ತಿಯಾಂವ್ ರೊದೊಲ್ಫು ದಾಲ್ಗಾದು ಅಂತ. 1855ರಲ್ಲಿ ಗೋವೆಯ ಅಸ್ಸಾಗಾಂವ್‌ನಲ್ಲಿ ಹುಟ್ಟಿದ ಕೊಂಕಣಿಯವರು. ಚರ್ಚಿನ ಕೆಲಸದ ಮೇಲೆ ಸಿಂಹಳ, ಬಂಗಾಳ ಎಲ್ಲ ತಿರುಗಿ, ನಮ್ಮ ಹೊನ್ನಾವರದಲ್ಲೂ ಇದ್ದು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಹೋದಲ್ಲೆಲ್ಲ ಅಲ್ಲಿಯ ಭಾಷೆ ಕಲಿತರು, ಕನ್ನಡವನ್ನೂ ಕಲಿತರು. ಆಮೇಲೆ ಈ ಊರಿಗೆ ಬಂದು ಸಂಸ್ಕೃತ ಪಾಠ ಹೇಳಿದರು. ಏಷ್ಯಾದ ಭಾಷೆಗಳಿಗೆ ಬಂದ ಪೋರ್ಚುಗೀಸ್ ಪದಗಳ ಪುಸ್ತಕವನ್ನು 1913ರಲ್ಲಿ ತಂದರು. ಪೋರ್ಚುಗೀಸಿಗೆ ಹೋದ ಏಷ್ಯಾದ ಪದಗಳ ಕೋಶ 1919 ಮತ್ತು 1921ರಲ್ಲಿ ಎರಡು ಸಂಪುಟವಾಗಿ ಬಂತು. ಆ ಹೊತ್ತಿಗೆ ಕಾಯಿಲೆಯಿಂದ ಅವರ ಎರಡೂ ಕಾಲು ತೆಗೆದಾಗಿತ್ತು. 1922ರಲ್ಲಿ ಇಲ್ಲೇ ತೀರಿಕೊಂಡರು. ಕಾಲಿಲ್ಲದೆ ಕೂತಲ್ಲೇ ಕೂತು ಪದಗಳು ಯಾವ ಯಾವ ದಂಡೆಗೆ ನಡೆದವು ಅಂತ ಬರೆದ ಮನುಷ್ಯ. ನಮ್ಮೂರ ಮಣ್ಣಿನಲ್ಲಿ ಓಡಾಡಿದ ಅವರ ಹೆಸರನ್ನು ನಮ್ಮ ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲವಲ್ಲ ಅನ್ನುವ ಸಂಕಟ ನನಗಿದೆ.

ಅಜ್ಜ ಹೇಳುತ್ತಿದ್ದ ಜಂಗಲು ನೆನಪಿದೆಯಾ? ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಶರಾವತಿ ದಾಟಿಸುತ್ತಿದ್ದದ್ದು. ಮಲಯಾಳದಲ್ಲಿ ಅದು ಚಂಙಾಡ. ಪೋರ್ಚುಗೀಸರು ಅದನ್ನು ಝಂಗಾದ ಮಾಡಿಕೊಂಡು ಬ್ರೆಜಿಲ್‌ಗೆ ಒಯ್ದರು. ಅಲ್ಲಿಯ ಈಶಾನ್ಯ ಕರಾವಳಿಯ ಮೀನುಗಾರರು ಇವತ್ತಿಗೂ ಹಾಯಿ ಕಟ್ಟಿದ ತಮ್ಮ ತೆಪ್ಪಕ್ಕೆ ಅದೇ ಹೆಸರು ಹೇಳುತ್ತಾರೆ.

ತಮ್ಮಾ, ನೀನು ಕಳಿಸಿದ ಆ ಮೆಸೇಜು ಓದಿದೆ, ಜಗತ್ತಿನ ಪದಗಳೆಲ್ಲ ಕನ್ನಡದಿಂದಲೇ ಹೋದವು ಅನ್ನುವುದು. ನಿನ್ನ ಅಭಿಮಾನ ನನಗೂ ಇದೆ. ಆದರೆ ಕಿವಿಗೆ ಒಂದೇ ಥರ ಕೇಳಿಸಿದರೆ ಸಾಲದು. ಯಾವಾಗ ಹೋಯಿತು, ಯಾರ ಕೈಯಲ್ಲಿ, ಯಾವ ಸಾಮಾನಿನ ಜೊತೆ ಅನ್ನುವುದೂ ಸಿಗಬೇಕು. ಮೇಜು ಪೋರ್ಚುಗೀಸಿನದು ಅಂತ ಥಟ್ಟನೆ ಹೇಳಿಬಿಡುತ್ತಾರೆ, ಪಾರಸಿಯಲ್ಲೂ ಮೇಜ್ ಇದೆ, ಹಾಗಾಗಿ ಅಲ್ಲಿ ನಾನು ಬಾಯಿ ಬಿಡುವುದಿಲ್ಲ. ನಮ್ಮ ಭಾಷೆಯ ಶಕ್ತಿ ನೋಡಬೇಕಾದರೆ ಮೆಣಸಿನಕಾಯಿ ನೋಡು. ಗಿಡ ಅಮೆರಿಕದ್ದು, ತಂದವರು ಪೋರ್ಚುಗೀಸರು, ಆದರೆ ನಾವು ಅವರ ಹೆಸರು ತೆಗೆದುಕೊಳ್ಳಲೇ ಇಲ್ಲ. ಖಾರ ಅಂದರೆ ಮೆಣಸು, ಇದು ಕಾಯಿ, ಹಾಗಾಗಿ ಮೆಣಸಿನಕಾಯಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಯಾವ ಮೆಣಸಿನ ರಾಣಿ ಅಂತ ಕರೆದರೋ ಆ ಮೆಣಸು ಮಾತ್ರ ಹೊಸಬ ಬಂದ ಮೇಲೆ ತನ್ನ ಗುರುತಿಗೆ ಕಾಳುಮೆಣಸು, ಒಳ್ಳೆಮೆಣಸು ಅನ್ನಿಸಿಕೊಳ್ಳಬೇಕಾಯಿತು. ಗೇರು ಬ್ರೆಜಿಲಿನಿಂದ ಬಂತು. ಅದಕ್ಕೂ ನಾವು ಹೆಸರು ಕೊಟ್ಟದ್ದು ಕಾಡಿನಲ್ಲಿ ಮೊದಲೇ ಇದ್ದ ಗೇರಿನದು, ಅಗಸರು ಬಟ್ಟೆಗೆ ಗುರುತು ಹಾಕಲು ಅದರ ಕರಿ ರಸ ಬಳಸುತ್ತಿದ್ದರಲ್ಲ, ಅದರದ್ದು. ಮರಾಠಿಯಲ್ಲಿ ಗೋಡಂಬಿ ಅಂದರೆ ಈಗಲೂ ಆ ಕಾಡುಗೇರಿನ ಬೀಜದ ತಿರುಳು. ಪಾಯಸದಲ್ಲಿ ನಮಗೆ ಸಿಗುವ ಗೋಡಂಬಿ ಬೇರೆ ಮರದ್ದು. ಪೇರಲೆಗೆ ಮಾತ್ರ ಅವರದ್ದೇ ಹೆಸರಿನ ಗುರುತು ಉಳಿಯಿತು, ಇಲ್ಲಿ ಪೆರ ಅಂದರೆ ಇನ್ನೊಂದು ಹಣ್ಣು, ಇಂಗ್ಲಿಷಿನ ಪೇರ್.

ನಿನಗೊಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮುಂದೂಡಬೇಡ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಾ. ಸಂಜೆ ಅಜ್ಜಿ ಹೂ ಕಟ್ಟುವಾಗ ಪಕ್ಕದಲ್ಲಿ ಕೂತು ಕೇಳು. ನೀರಿನ ಪೀಪಾಯಿ, ಬಾಲ್ದಿ, ಅಲಮಾರು ಎಲ್ಲದರ ಭಾಗಭಾಗಕ್ಕೆ ಅವಳು ಏನೇನು ಅನ್ನುತ್ತಾಳೆ, ದೋಣಿಯ ಯಾವ ಹಲಗೆಗೆ ಅಜ್ಜ ಏನು ಅನ್ನುತ್ತಿದ್ದ, ಎಲ್ಲ. ಅವಳು ಹೇಳಿದ ಹಾಗೇ ಬರೆದುಕೋ. ತಿದ್ದಬೇಡ. ಫೋನಿನಲ್ಲಿ ಧ್ವನಿಯನ್ನೂ ಹಿಡಿದಿಡು, ಚಾವಿಯ ಚಕಾರದಂಥದ್ದು ಬರವಣಿಗೆಯಲ್ಲಿ ಪೂರ್ತಿ ಸಿಗುವುದಿಲ್ಲ.

ಅಮ್ಮ, ಗಂಜಿಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಅಂತ ನೀನು ಹೇಳಿದ್ದು ನೆನಪಿತ್ತು. ನೀನು ಕಳಿಸಿದ ಒಳ್ಳೆಮೆಣಸಿನಲ್ಲಿ ಒಂದು ಹಿಡಿ ಕಾಗದದಲ್ಲಿ ಕಟ್ಟಿ ಒಳಗಿಟ್ಟು ಕೊಟ್ಟೆ. ಅವರು ಮೂಸಿ ನೋಡಿ ತುಂಬಾ ಹೊತ್ತು ನಗುತ್ತಿದ್ದರು.

ಅಜ್ಜಿ, ಮುಂದಿನ ಭಾನುವಾರ ನಿಮ್ಮ ಸಂಜೆ ಐದಕ್ಕೆ ಫೋನ್ ಮಾಡುತ್ತೇನೆ. ಹಿತ್ತಿಲ ಕಡೆಯ ಜನೇಲು ತೆಗೆದು ಅಲ್ಲೇ ಕೂತಿರು, ನೆಟ್‌ವರ್ಕ್ ಅಲ್ಲಿ ಚೆನ್ನಾಗಿ ಸಿಗುತ್ತದೆ. ಮೊದಲು ನಿನ್ನ ಹತ್ತಿರ ತಪ್ಪಾಯ್ತು ಅಂತ ಹೇಳಬೇಕು.

ಎಲ್ಲರಿಗೂ ನಮಸ್ಕಾರ,
ನಿಮ್ಮ ಮಗಳು