ಹಳೆ ವಿದ್ಯಾರ್ಥಿಗಳ ಗಾಲ್ಫ್ ಸೀಸನ್: ಇವರಿಗೆಲ್ಲ ನಮ್ಮ ಕೃತಜ್ಞತೆ

ಮಂಗಳೂರಿನ ಪಿಲಿಕುಳದ ಕೋರ್ಸಿನಲ್ಲಿ ನಮ್ಮ ಶಾಲೆಯ ಹಳೆ ವಿದ್ಯಾರ್ಥಿ ಸಂಘದ ಈ ಸಾಲಿನ ಗಾಲ್ಫ್ ಪಂದ್ಯಗಳು ಮುಗಿದಿವೆ. ಟ್ರೋಫಿ ಹಿಡಿದವರ ಫೋಟೊ ಎಲ್ಲರಿಗೂ ತಲುಪಿದೆ. ಫೋಟೊದಲ್ಲಿ ಕಾಣದವರಿಗಾಗಿ ಈ ಬರಹ.

ಮೊದಲ ವಂದನೆ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಅಂಗಳ) ನೋಡಿಕೊಂಡ ಸಿಬ್ಬಂದಿಗೆ. ಚೆಂಡು ಬೀಳಿಸುವ ಕುಳಿ, ಅಂದರೆ ಹೋಲ್, ಒಂದೇ ಕಡೆ ಉಳಿದರೆ ಸುತ್ತಲಿನ ಹುಲ್ಲು ಕಾಲ್ತುಳಿತಕ್ಕೆ ಸವೆಯುತ್ತದೆ, ಅಂಚು ಕುಸಿಯುತ್ತದೆ. ಹಾಗಾಗಿ ಪ್ರತಿ ಪಂದ್ಯಕ್ಕೂ ಜಾಗ ಬದಲಿಸಿ ಹೊಸದು ಕೊರೆಯಬೇಕು. ಅಗಲ 108 ಮಿಲಿಮೀಟರ್, ಆಳ ಕನಿಷ್ಠ 101.6, ಒಳಗೆ ಕಪ್ ಇಳಿಸುವುದಾದರೆ ಮೇಲ್ಮೈಯಿಂದ ಕನಿಷ್ಠ 25.4 ಮಿಲಿಮೀಟರ್ ಕೆಳಗೆ. ಕೊರೆಯುವುದಕ್ಕಿಂತ ಕಷ್ಟದ ಕೆಲಸ ಹಳೆಯದನ್ನು ಮುಚ್ಚುವುದು. ಮುಚ್ಚಲು ಇಡುವ ಹುಲ್ಲು ಸಮೇತದ ಮಣ್ಣಿನ ಪ್ಲಗ್ ಕೂದಲೆಳೆಯಷ್ಟು ಎತ್ತರವಾದರೂ ಹುಲ್ಲು ಕತ್ತರಿಸುವ ಮೊವರ್ ಅದರ ತಲೆ ಬೋಳಿಸುತ್ತದೆ, ತಗ್ಗಾದರೆ ಪಟ್ (ಗ್ರೀನಿನ ಮೇಲೆ ಚೆಂಡು ಉರುಳಿಸುವ ಹೊಡೆತ) ಅಲ್ಲಿ ಕುಪ್ಪಳಿಸಿ ದಾರಿ ತಪ್ಪುತ್ತದೆ. ತಳಕ್ಕೆ ಮಣ್ಣು ಒತ್ತಿ, ಪ್ಲಗ್ ಇಟ್ಟು, ಅಂಗೈಯಲ್ಲಿ ಸವರಿ ನೋಡಿ, ಮತ್ತೆ ಎತ್ತಿ ಸರಿಪಡಿಸಿ, ನೀರುಣಿಸಿ ಹೋಗುತ್ತಿದ್ದ ಆ ಕೈಗಳಿಗೆ ನಾವೆಲ್ಲ ಋಣಿಗಳು.

ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ) ಲೆಕ್ಕ ಹೊತ್ತ ಗೆಳೆಯರಿಲ್ಲದಿದ್ದರೆ ಪಳಗಿದವರೂ ಹೊಸಬರೂ ಒಂದೇ ಬೋರ್ಡಿನಲ್ಲಿ ಸೆಣಸುವ ಮಾತೇ ಇರಲಿಲ್ಲ. ಕೋರ್ಸ್ ಹ್ಯಾಂಡಿಕ್ಯಾಪ್ 20 ಇದ್ದವರಿಗೆ ಪ್ರತಿ ಹೋಲಿನ ಆಟಕ್ಕೂ ಪಾಯಿಂಟ್ ಕೊಡುವ ಸ್ಟೇಬಲ್‌ಫರ್ಡಿನಲ್ಲಿ ಶೇ. 95ರ ಲೆಕ್ಕದಲ್ಲಿ 19 ಸ್ಟ್ರೋಕ್ ರಿಯಾಯಿತಿ: ಹದಿನೆಂಟೂ ಹೋಲಿಗೆ ಒಂದೊಂದು, ಸ್ಟ್ರೋಕ್ ಇಂಡೆಕ್ಸ್ 1ರಲ್ಲಿ (ಅತಿ ಕಷ್ಟದ ಹೋಲಿನಲ್ಲಿ) ಎರಡು. ಅದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ಆಗಿದ್ದರೆ ರಿಯಾಯಿತಿ ಎರಡನ್ನು ಕಳೆದು ಆರು ಹೊಡೆತಕ್ಕೂ 2 ಪಾಯಿಂಟ್, ಏಳಕ್ಕೆ 1, ಎಂಟಕ್ಕೆ ಸೊನ್ನೆ. ಎಂಟಾದ ಮೇಲೆ ಚೆಂಡು ಎತ್ತಿ ಮುಂದೆ ನಡೆದವರಿಗೂ ಧನ್ಯವಾದ. ಹಿಂದಿನ ಗುಂಪು ಕಾಯಲಿಲ್ಲ. ಪಾಯಿಂಟ್ ಸಮವಾದಾಗ ಕೊನೆಯ 9 ಹೋಲು, ನಂತರ ಕೊನೆಯ 6, ಕೊನೆಯ 3 ಎಂದು ಕಾರ್ಡ್ ಹಿಡಿದು ತಾಳ್ಮೆಯಿಂದ ಕೌಂಟ್‌ಬ್ಯಾಕ್ ಮಾಡಿದವರೂ ಇವರೇ.

ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಗಳಿಗೆ ಎಷ್ಟು ಹೇಳಿದರೂ ಕಡಿಮೆಯೇ. ಮಳೆಗಾಲ ಕಳೆದ ಹೊಸತರಲ್ಲಿ ಚೆಂಡು ಮೆತ್ತನೆಯ ಫೇರ್‌ವೇ ಹುಲ್ಲುಹಾಸಿನಲ್ಲಿ ಹೂತು ಕಣ್ಮರೆಯಾಗುತ್ತದೆ. ಬೇಸಿಗೆಯಲ್ಲಿ ಗಟ್ಟಿ ಕೆಂಪು ನೆಲಕ್ಕೆ ಬಡಿದು ಎತ್ತಲೋ ಪುಟಿಯುತ್ತದೆ. ಹುಡುಕಲು ಇರುವುದು ಮೂರೇ ನಿಮಿಷ, ಅದೂ ಆಟಗಾರನೋ ಅವನ ಕ್ಯಾಡಿಯೋ ಹುಡುಕಾಟ ಶುರು ಮಾಡಿದ ಕ್ಷಣದಿಂದ. ದೂರದ ಮರವೊಂದನ್ನು ಗುರುತಿಟ್ಟು, ಚೆಂಡು ಬಿದ್ದ ನೇರವನ್ನು ಕಣ್ಣಲ್ಲೇ ಹಿಡಿದಿಟ್ಟುಕೊಳ್ಳುವ ಅವರ ಅಭ್ಯಾಸ ನಮ್ಮ ಎಷ್ಟೋ ಹೊಡೆತಗಳನ್ನು ಉಳಿಸಿತು. ಮೊದಲ ಚೆಂಡು ಕಳೆದಿರಬಹುದೆಂದು ಇನ್ನೊಂದನ್ನು ಹೊಡೆಯುವಾಗ ‘ಪ್ರೊವಿಷನಲ್ (ತಾತ್ಕಾಲಿಕ) ಅಂತ ಬಾಯಿಬಿಟ್ಟು ಹೇಳಿ ಸರ್’ ಎಂದು ನೆನಪಿಸಿದ್ದೂ ಅವರೇ. ಹೇಳದೆ ಹೊಡೆದರೆ ಎರಡನೆಯ ಚೆಂಡೇ ಆಟದ ಚೆಂಡು, ಮೊದಲಿನದು ಸಿಕ್ಕರೂ ಉಪಯೋಗವಿಲ್ಲ.

ಅಕ್ಟೋಬರಿನ ಸಂಜೆ ಗುಡುಗಿಗೆ ಸೈರನ್ ಬಳಿ ನಿಂತವರನ್ನು ಮರೆಯಲಾಗದು. ಒಂದು ಉದ್ದನೆಯ ಸದ್ದು ಬಂದರೆ ಆಟ ಅಲ್ಲಿಗೇ ನಿಲ್ಲಬೇಕು, ‘ಇದೊಂದು ಪಟ್’ ಎನ್ನುವಂತಿಲ್ಲ. ಎರಡು ಗಿಡ್ಡ ಸದ್ದು ಕೇಳಿದ ಮೇಲೆಯೇ ಮತ್ತೆ ಆಟ. ಕರಾವಳಿಯ ಮಿಂಚಿನ ಮುಂದೆ ಅವರು ಯಾರ ಮುಲಾಜೂ ನೋಡಲಿಲ್ಲ, ಅದಕ್ಕೇ ಹೆಚ್ಚಿನ ನಮಸ್ಕಾರ.

ಬಿಸಿ ಗೋಳಿಬಜೆ, ಚಹಾ ಒದಗಿಸಿದವರಿಗೂ ವಂದನೆಗಳು.

ಮುಂದಿನ ಸೀಸನ್ನಿಗೆ ಕಾರ್ಡ್ ಪರಿಶೀಲಿಸಲು ಇನ್ನಿಬ್ಬರು ಬೇಕಾಗಿದ್ದಾರೆ. ಬರುವವರಿಗೆ ಹ್ಯಾಂಡಿಕ್ಯಾಪ್ ಲೆಕ್ಕವನ್ನು ನಾವೇ ಕೂತು ಕಲಿಸಿಕೊಡುತ್ತೇವೆ.