ಏಳನೆಯವರಿಗೆ, ಎಂಟನೆಯವರಿಗೆ

ನಮ್ಮ ಫುಟ್‌ಬಾಲ್ ಲೀಗ್ ಮುಗಿಯಿತು. 22 ಮ್ಯಾಚ್, 5 ಗೆಲುವು, 4 ಡ್ರಾ, 13 ಸೋಲು. ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ಇಷ್ಟಕ್ಕೆಲ್ಲ ಧನ್ಯವಾದ ಬರೆಯಬೇಕಾ ಅಂತ ಕೇಳುವವರು ಒಂದು ಸಲ ಬೆಳಗಿನ ಜಾವ ಬಂದು ಒದ್ದೆ ನೆಟ್ ಕಟ್ಟಿ ನೋಡಲಿ, ಆಮೇಲೆ ಮಾತಾಡೋಣ.

ಕೊನೆಯ ಎರಡು ತಂಡಗಳು ಕೆಳಗಿನ ಡಿವಿಷನ್ನಿಗೆ ಇಳಿಯಬೇಕಿತ್ತು. ಹನ್ನೊಂದನೇ ತಂಡದ್ದೂ 19 ಪಾಯಿಂಟ್, ನಮ್ಮದೂ 19. ಪಾಯಿಂಟ್ ಸಮವಾದಾಗ ಗೋಲುಗಳ ವ್ಯತ್ಯಾಸ ನೋಡುತ್ತಾರೆ. ನಾವು ಹೊಡೆದ ಗೋಲು 31, ಬಿಟ್ಟುಕೊಟ್ಟದ್ದು 58, ಅಂದರೆ ಮೈನಸ್ 27. ಅವರದು ಮೈನಸ್ 28. ಒಂದೇ ಒಂದು ಗೋಲಿನ ಅಂತರದಲ್ಲಿ ಉಳಿದುಕೊಂಡೆವು.

ಆ ಒಂದು ಗೋಲು ಯಾವುದು ಅಂದರೆ ಹೆಚ್ಚಿನವರು ಕೊನೆಯ ಮ್ಯಾಚಿನ ಹೆಡರ್ ಹೆಸರು ಹೇಳುತ್ತಾರೆ. ಚೆಂದದ ಹೆಡರ್, ಅದರ ವಿಡಿಯೋ ನಾನೂ ಎಷ್ಟೋ ಸಲ ನೋಡಿದ್ದೇನೆ. ಆದರೆ ನನ್ನ ಲೆಕ್ಕದಲ್ಲಿ ನಮ್ಮನ್ನು ಉಳಿಸಿದ್ದು ನಾವು 0-2 ಸೋತ ಮ್ಯಾಚು.

ಆ ದಿನ ರಾತ್ರಿಯಿಡೀ ಮಳೆ. ಆಟ ಶುರುವಾಗಲು ಇಪ್ಪತ್ತು ನಿಮಿಷ ಇರುವಾಗ ಮೈದಾನದಲ್ಲಿ ನಾವು ಆರು ಜನ. ಹನ್ನೊಂದು ಜನ ಇರಲೇಬೇಕು ಅಂತೇನೂ ಇಲ್ಲ, ಆದರೆ ಏಳಕ್ಕಿಂತ ಕಡಿಮೆ ಇದ್ದರೆ ಆಟ ಶುರು ಮಾಡುವಂತಿಲ್ಲ. ಆಡದಿದ್ದರೆ ನಮ್ಮ ಲೀಗಿನಲ್ಲಿ 0-3 ಸೋಲು ಅಂತ ಬರೆದುಕೊಳ್ಳುತ್ತಾರೆ. ಗ್ರೂಪಿನಲ್ಲಿ ಹಿಂದಿನ ರಾತ್ರಿ ಹದಿಮೂರು ಜನ ಉತ್ತರ ಕೊಟ್ಟಿದ್ದರು, ಅದರಲ್ಲಿ ಐದು 'ನೋಡ್ತೀನಿ'. 'ನೋಡ್ತೀನಿ' ಅಂದರೆ ಬರುವುದಿಲ್ಲ ಅಂತ ಅರ್ಥವಾಗಲು ನನಗೆ ಮೂರು ಸೀಸನ್ ಬೇಕಾಯಿತು.

ಏಳನೆಯವರಾಗಿ ಸಿಕ್ಕಿದ್ದು ನಮ್ಮ ಹಳೇ ಖಜಾಂಚಿ ಅಣ್ಣ. ಅವರು ಬಂದದ್ದು ಒಗೆದ ಜೆರ್ಸಿಗಳ ಚೀಲ ಕೊಟ್ಟುಹೋಗಲು. ಆಟ ಬಿಟ್ಟು ನಾಲ್ಕು ವರ್ಷವಾಗಿತ್ತು, ಆದರೂ ರಿಜಿಸ್ಟ್ರೇಷನ್ ಮಾತ್ರ ಪ್ರತಿ ವರ್ಷ ಮಾಡಿಸುತ್ತಿದ್ದರು, ಅಭ್ಯಾಸಬಲ. ಕಿಟ್ ಬ್ಯಾಗಿನ ತಳದಲ್ಲಿ ಯಾರದೋ ಬೂಟು ಸಿಕ್ಕಿತು, ಒಂದು ಸೈಜು ದೊಡ್ಡದು. ಎರಡು ಜೊತೆ ಸಾಕ್ಸ್ ಹಾಕಿದರು, ಲೇಸನ್ನು ಅಡಿಯಿಂದ ತಂದು ಪಾದದ ಸುತ್ತ ಎರಡು ಸುತ್ತು ಬಿಗಿದರು, ಎದ್ದು ನಿಂತು ಒಮ್ಮೆ ಕುಣಿದು ನೋಡಿ 'ಎಲ್ಲಿ ನಿಲ್ಲಲಿ?' ಅಂದರು. ಅಷ್ಟೇ.

ಏಳು ಜನ ಆಡುವಾಗ ಒಬ್ಬ ಗಾಯವಾಗಿ ಹೊರಗೆ ಹೋದರೂ ಆಟ ಅಲ್ಲಿಗೇ ನಿಲ್ಲುತ್ತದೆ. ನಲವತ್ತನೇ ನಿಮಿಷದಲ್ಲಿ ಅಣ್ಣನ ಮೀನಖಂಡ ಹಿಡಿದುಕೊಂಡಿತು. ಹೊರಗೆ ಹೋಗುವ ಹಾಗಿಲ್ಲ, ಓಡುವ ಹಾಗೂ ಇಲ್ಲ. ಎಡಗಡೆ ಗೆರೆಯ ಒಳಗೆ ಕಾಲು ಹಿಡಿದುಕೊಂಡು ಐದು ನಿಮಿಷ ನಿಂತೇ ಇದ್ದರು. ಚೆಂಡು ಎರಡು ಸಲ ಗೋಲಿನ ಮೇಲಿನ ಅಡ್ಡ ಬಾರಿಗೆ ಬಡಿದು ವಾಪಸ್ ಬಂತು, 2.44 ಮೀಟರ್ ಎತ್ತರದ ಆ ಬಾರಿಗೂ ನಮಸ್ಕಾರ. ವಿರಾಮದಲ್ಲಿ ಇಬ್ಬರು ಏದುಸಿರು ಬಿಡುತ್ತಾ ಬಂದರು, ದಾರಿಯಲ್ಲಿ ಗಾಡಿ ಕೆಟ್ಟಿತ್ತು. ಬರುತ್ತಾರೋ ಇಲ್ಲವೋ ಗೊತ್ತಿಲ್ಲದೆಯೂ ಕ್ಯಾಪ್ಟನ್ ಇಬ್ಬರ ಹೆಸರನ್ನೂ ಆಟಕ್ಕೆ ಮುಂಚೆಯೇ ಪಟ್ಟಿಯಲ್ಲಿ ಬರೆದಿದ್ದ. ಬರೆಯದೇ ಇದ್ದಿದ್ದರೆ ರೆಫರಿ ಒಳಗೆ ಬಿಡುತ್ತಿರಲಿಲ್ಲ. ಅರ್ಧ ಆಟಕ್ಕೆ 0-2 ಇತ್ತು, ಕೊನೆಗೂ 0-2.

ಆ ಮ್ಯಾಚು 0-3 ಆಗಿದ್ದರೆ ನಮ್ಮದೂ ಮೈನಸ್ 28. ಆಗ ಹೊಡೆದ ಗೋಲು ನೋಡುತ್ತಾರೆ, ಅವರದು 34. ನಾವು ಕೆಳಗೆ.

ಆದ್ದರಿಂದ ಮೊದಲ ಧನ್ಯವಾದ ಅಣ್ಣನಿಗೆ, ಆಮೇಲೆ ಗಾಡಿ ಬಿಟ್ಟು ಓಡಿಬಂದ ಎಂಟನೆಯ, ಒಂಬತ್ತನೆಯವರಿಗೆ. ಗೋಲು ಹೊಡೆದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಚಪ್ಪಾಳೆ ಆಗಲೇ ಸಿಕ್ಕಿದೆ.

ಇನ್ನೊಬ್ಬರು ಗೆರೆ ಹಾಕುವವರು. ಎಷ್ಟೋ ಆಟಗಾರರು ಅವರನ್ನು ನೋಡಿಯೇ ಇಲ್ಲ, ನಾವು ಬರುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ. ಅವರ ಹತ್ತಿರ ಒಂದೇ ಹಗ್ಗ, ಅದರಲ್ಲಿ ನಾಲ್ಕು ಗಂಟು: 5.5, 9.15, 11 ಮತ್ತು 16.5 ಮೀಟರ್. ಗೋಲಿನ ಮುಂದಿನ ಚಿಕ್ಕ ಚೌಕ, ನಡುವಿನ ವೃತ್ತ, ಪೆನಾಲ್ಟಿ ಚುಕ್ಕಿ, ದೊಡ್ಡ ಚೌಕ, ಎಲ್ಲ ಅದರಲ್ಲೇ. ಮೂಲೆ ಸರಿಯಾಗಿ ಬರಲು 3, 4, 5 ಮೀಟರಿನ ತ್ರಿಕೋನ ಎಳೆದು ನೋಡುತ್ತಾರೆ. ಮಳೆ ಬಂದು ಅಳಿಸಿದರೆ ಬೈಯದೆ ಮತ್ತೆ ಮೊದಲಿಂದ. ಒಂದು ದಿನ ರೆಫರಿಗೆ ಅನುಮಾನ ಬಂದು ಟೇಪ್ ಹಿಡಿದು ಚುಕ್ಕಿ ಅಳೆದರು. ಸರಿ ಹನ್ನೊಂದು ಮೀಟರ್. ಇವರು ದೂರದಲ್ಲಿ ಸುಮ್ಮನೆ ಹಗ್ಗ ಸುತ್ತುತ್ತಿದ್ದರು.

ನಮ್ಮ ಸ್ಟ್ರೈಕರಿಗೆ ಐದನೇ ಮ್ಯಾಚಿನಲ್ಲೇ ಮಂಡಿಯ ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಹರಿಯಿತು. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳಾದರೂ ಆಡುವಂತಿಲ್ಲ. ಮನೆಯಲ್ಲಿ ಕೂರುತ್ತಾನೆ ಅಂದುಕೊಂಡಿದ್ದೆವು, ಅವನು ಹಾಜರಾತಿಯ ಜವಾಬ್ದಾರಿ ತೆಗೆದುಕೊಂಡ. ಪ್ರತಿ ಶುಕ್ರವಾರ ರಾತ್ರಿ ಒಬ್ಬೊಬ್ಬರಿಗೂ ಫೋನ್. ಓಡಲಾಗದವನು ಕರೆದಾಗ 'ಸುಸ್ತು' ಅಂತ ಹೇಳಲು ಯಾರಿಗೆ ಬಾಯಿ ಬರುತ್ತದೆ? ಆಮೇಲಿನ ಯಾವ ಮ್ಯಾಚಿಗೂ ಹತ್ತಕ್ಕಿಂತ ಕಡಿಮೆ ಜನ ಬಂದಿಲ್ಲ, ಆ ಮಳೆಯ ದಿನ ಒಂದು ಬಿಟ್ಟು. ಆ ವಾರ ಅವನಿಗೆ ಆಪರೇಷನ್ ಆಗಿತ್ತು.

ಆವತ್ತು ಏಳು ಜನ ಇಲ್ಲ ಅಂತ ರೆಫರಿ ಹೇಳಿದ ತಕ್ಷಣ 'ಹದಿನೈದು ನಿಮಿಷ ಕಾಯ್ತೀವಿ' ಅಂದ ಎದುರು ತಂಡದ ಕ್ಯಾಪ್ಟನ್ನಿಗೂ ಧನ್ಯವಾದ. ಕಾಯದೇ ಇದ್ದಿದ್ದರೆ ಅವರಿಗೆ ಮೂರು ಗೋಲು ಪುಕ್ಕಟೆ.

ಈಗ ನನ್ನ ವಿಷಯ. ನಾನು ಗೋಲ್‌ಕೀಪರ್. ಹದಿನೇಳನೇ ಮ್ಯಾಚಿನಲ್ಲಿ ನಮ್ಮ ಡಿಫೆಂಡರ್ ಕಾಲಿಂದ ಕೊಟ್ಟ ಬ್ಯಾಕ್‌ಪಾಸನ್ನು ನಾನು ಕೈಯಲ್ಲಿ ಹಿಡಿದೆ. ಅದನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ, 1992ರಿಂದ ಇರುವ ನಿಯಮ, ನಾನು ಗ್ಲೌಸ್ ಹಾಕಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ನೆಪ ಹೇಳಲೂ ದಾರಿಯಿಲ್ಲ. ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಗೋಲು, ಸೋಲು. ಆ ಡಿಫೆಂಡರ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಅನಿಸುವಷ್ಟು ಸುಮ್ಮನಿದ್ದ. ಧನ್ಯವಾದ ಕಣೋ.

ಆ ವಾರ ನನಗೆ ಸಮಾಧಾನ ಕೊಟ್ಟಿದ್ದು ವಿಲಿಯಂ ಮೆಕ್ರಮ್. ಐರ್ಲೆಂಡಿನ ಮಿಲ್‌ಫರ್ಡ್ ಅನ್ನೋ ಹಳ್ಳಿ ತಂಡದ ಗೋಲ್‌ಕೀಪರ್. 1890-91ರ ಲೀಗಿನಲ್ಲಿ ಅವರ ತಂಡ ಆಡಿದ 14 ಮ್ಯಾಚೂ ಸೋತು 62 ಗೋಲು ಬಿಟ್ಟುಕೊಟ್ಟಿತ್ತು. ಪೆನಾಲ್ಟಿ ಕಿಕ್ ಬೇಕು ಅಂತ ಹೇಳಿದ್ದೂ ಅದೇ ಮನುಷ್ಯ, 1891ರಲ್ಲಿ ಅದು ನಿಯಮವೂ ಆಯಿತು. ಗೋಲ್‌ಕೀಪರ್ ಆಗಿದ್ದುಕೊಂಡು ಇಂಥದ್ದು ಯಾಕೆ ಕೇಳಿದನೋ ದೇವರೇ ಬಲ್ಲ. ನಾನು ಬಿಟ್ಟದ್ದು 22 ಮ್ಯಾಚಿಗೆ 58, ಅವರಿಗಿಂತ ವಾಸಿ.

ಮುಂದಿನ ಸೀಸನ್ನಿನ ರಿಜಿಸ್ಟ್ರೇಷನ್ ಶುರುವಾಗಿದೆ. ಆಡುತ್ತೀರೋ ಇಲ್ಲವೋ, ಹೆಸರು ಬರೆಸಿಡಿ. 14ನೇ ನಂಬರಿನ ಜೆರ್ಸಿ ಯಾರ ಮನೆಯಲ್ಲೋ ಇದೆ, ತಂದುಕೊಡಿ. ಗ್ರೂಪಿನ ಹಾಜರಾತಿಯಲ್ಲಿ ಇನ್ನು 'ನೋಡ್ತೀನಿ' ಇರುವುದಿಲ್ಲ, 'ಬರ್ತೀನಿ', 'ಬರಲ್ಲ' ಎರಡೇ. ಮತ್ತೆ ಆ ದೊಡ್ಡ ಸೈಜಿನ ಬೂಟು, ಕಪ್ಪು ಬಣ್ಣ, ಎಡಗಾಲಿನದರಲ್ಲಿ ಒಂದು ಸ್ಟಡ್ ಇಲ್ಲ. ಯಾರದು ಅಂತ ಇದುವರೆಗೂ ಯಾರೂ ಹೇಳಿಲ್ಲ. ತೊಳೆದು ಒಣಗಿಸಿ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಬಹುದು, ಆದರೆ ಅಣ್ಣನನ್ನು ಒಂದು ಮಾತು ಕೇಳಿ.